ಹೆಬ್ಬೆರಳ ಗುಳಿ

ಕರಕರ, ಕರಕರ — ಒಣ ಹಪ್ಪಳ ಕಡಿದ ಹಾಗೆ ಸದ್ದು, ಮೂಳೆ ಕಟ್ಟುವ ಪೆದ್ದಪ್ಪನ ಕತ್ತರಿ ಅಶ್ವತ್ಥಮ್ಮನ ಬಲಗೈ ಕಟ್ಟನ್ನು ಕೊಯ್ಯುತ್ತ ಮಣಿಕಟ್ಟಿಗೆ ಬಂತು, ಮುರಿದದ್ದು ಹೆಂಡತಿಯ ಕೈ, ಜುಮ್ಮೆನ್ನುತ್ತಿರುವುದು ಗಂಡ ಆವಲಪ್ಪನ ಹಲ್ಲು, ತಾಳಿ ಕಟ್ಟಿದವನು ತಾನು, ಕೈ ಕಟ್ಟಿದವನು ಈ ಮುದುಕ, ಯಾರ ಕಟ್ಟು ಗಟ್ಟಿ ಅಂತ ಇವತ್ತು ಗೊತ್ತಾಗುತ್ತದೆ, ಏಮಮ್ಮಾ, ನೊಪ್ಪಾ, ಅನ್ನುತ್ತಾನೆ ಮುದುಕ, ಇಲ್ಲಪ್ಪಾ ನೋವಿಲ್ಲ, ಅನ್ನುತ್ತಾಳೆ ಇವಳು, ಎಷ್ಟು ಚೆನ್ನಾಗಿ ಮೂಗಿನಲ್ಲೇ ಮಾತಾಡುತ್ತಾನೆ, ಆ ದನಿ ತೆಗೆದು ತೆಗೆದು ತಾನು ಇವಳನ್ನು ಎಷ್ಟು ನಗಿಸಿಲ್ಲ, ಏಮಮ್ಮಾ ಅಂದರೆ ಸಾಕು, ಎಡಗೈಯಲ್ಲಿ ಹೊಟ್ಟೆ ಹಿಡಿದುಕೊಂಡು ಸಾಕು ಬಿಡಿ ಅನ್ನುತ್ತಿದ್ದಳು — ಅವತ್ತು ಮುಳಬಾಗಿಲು ಸಂತೆಯಿಂದ ಬರುವಾಗ ಗಾಡಿ ಇಳಿಯಲು ಹೋಗಿ ಅಂಗೈ ಊರಿ ಬಿದ್ದಳು, ಮಣಿಕಟ್ಟು ಹಳೇ ಸೌಟಿನ ಹಾಗೆ ಸೊಟ್ಟಗಾಯಿತು, ಕೋಲಾರದ ಆಸ್ಪತ್ರೆಗೆ ಹೋಗೋಣವೆಂದರೆ ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸು ಇದ್ದಿಲ ಹೊಗೆ ಕುಡಿದು ಓಡುತ್ತದೆ, ದಿಬ್ಬ ಕಂಡರೆ ಕೆಮ್ಮುತ್ತದೆ, ಮೊದಲು ಅದನ್ನೇ ಆಸ್ಪತ್ರೆಗೆ ಸೇರಿಸಬೇಕು, ಹಾಗಾಗಿ ಪೆದ್ದಪ್ಪ, ಪೆದ್ದಪ್ಪನ ಕಟ್ಟಿಗೆ ಬಿದಿರ ದಬ್ಬೆ, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ — ಅಲ್ಲೇ ಬಂತು ತೊಡಕು, ತಿಮ್ಮಪ್ಪನಿಗೆ ಹರಕೆ ಹೊತ್ತು ಮೊಟ್ಟೆ ಮಾಂಸ ಬಿಟ್ಟವಳು, ಕೋಳಿ ಹೊಸಿಲು ದಾಟಿದರೆ ನೀರು ಚಿಮುಕಿಸುವವಳು, ಹೇಳಿದ್ದರೆ ಕೈ ಹೋದರೆ ಹೋಗಲಿ ಅನ್ನುತ್ತಿದ್ದಳು, ಆವಲಪ್ಪನೇ ಹಿತ್ತಿಲಲ್ಲಿ ಮೊಟ್ಟೆ ಒಡೆದು ತಂದು ಬೇಲದ ಅಂಟು ಕಣೇ, ಶುದ್ಧ ಮರದ ಅಂಟು ಅಂದುಬಿಟ್ಟ, ಪೆದ್ದಪ್ಪನೂ ಅವುನಮ್ಮಾ, ಬೇಲದ್ದೇ ಅಂದ, ಬೇಲದ ಮರ ಅವತ್ತು ಕೊಕ್ಕೊಕ್ಕೋ ಅನ್ನಲಿಲ್ಲ, ಅದೇ ಪುಣ್ಯ, ತಿಮ್ಮಪ್ಪಾ, ಸುಳ್ಳು ನನ್ನದು, ಕೈ ಅವಳದು, ಒಬ್ಬರದು ಇನ್ನೊಬ್ಬರ ತಲೆಗೆ ಹಾಕಬೇಡ —

ದಬ್ಬೆ ಬಿತ್ತು, ಕೈ ಬಂತು, ಎಷ್ಟು ತೆಳ್ಳಗೆ, ಮಡಕೆಯೊಳಗೆ ಮೊಳೆತ ಹುರುಳಿಯ ಹಾಗೆ ಬಿಳಿಚಿಕೊಂಡು, ಪೆದ್ದಪ್ಪ ಹರಳೆಣ್ಣೆ ಸವರಿ ನೀವುತ್ತಾನೆ, ನೆಟ್ಟಗಾಗಿದೆ ಅಂತ ಮಾತ್ರ ಹೇಳುವುದಿಲ್ಲ, ಅವನ ಪದ್ಧತಿಯೇ ಅಂಥದು, ಕೈಯನ್ನು ಅದರ ಕೆಲಸಕ್ಕೆ ಹಚ್ಚಿ ನೋಡುತ್ತಾನೆ, ಕುಂಬಾರನಾದರೆ ತಿಗರಿ, ಉಳುವವನಾದರೆ ಮೇಣಿ, ಅಮ್ಮಾ, ನೀನು ಮುದ್ದೆ ಕಟ್ಟು, ಕೈ ಏನಂತದೋ ಕೈನೇ ಹೇಳ್ಲಿ, ಒಲೆಯ ಮೇಲೆ ಹಿಟ್ಟು ಬೆಂದು ಕಾಯುತ್ತಿದೆ, ಇಷ್ಟು ದಿನ ಕಟ್ಟಿದ್ದು ಆವಲಪ್ಪನೇ, ಹೊರಗೆ ಕಲ್ಲು, ಒಳಗೆ ಹಸಿಹಿಟ್ಟು, ಇದನ್ನ ಎಸೆದ್ರೆ ಜಪಾನಿನೋರು ಊರು ಬಿಟ್ಟು ಓಡ್ತಾರೆ ಅಂದಿದ್ದಳು, ನಕ್ಕಿದ್ದರು, ಆದರೆ ಅವಳ ಮುದ್ದೆಯ ನೆತ್ತಿಯಲ್ಲಿ ತುಪ್ಪ ನಿಲ್ಲಲು ಒಂದು ಗುಳಿ ಇರುತ್ತಿತ್ತು, ಹೆಬ್ಬೆರಳಿನಿಂದ ಒಂದೇ ಸಲ ಒತ್ತುತ್ತಿದ್ದಳು, ಮದುವೆಯಾದ ಮರುದಿನ ತಟ್ಟೆಯಲ್ಲಿ ಕಂಡದ್ದು ಮೊದಲು ಆ ಗುಳಿ, ಆಮೇಲೆ ಅವಳ ಮುಖ, ತಾನು ಒತ್ತಲು ಹೋದರೆ ಬೆರಳು ಸುಟ್ಟು ಮುದ್ದೆ ಎರಡಾಯಿತು — ಮಣೆಯ ಮೇಲೆ ಹಿಟ್ಟು ಹೊಗೆಯಾಡುತ್ತಿದೆ, ಕೈ ತಣ್ಣೀರಿಗೆ ಅದ್ದಿದಳು, ಉರುಳಿಸಿದಳು, ನಿಲ್ಲಿಸಿದಳು, ತುಟಿ ಕಚ್ಚಿದಳು, ಅಯ್ಯೋ ಬಿಡೇ ಅನ್ನುವಷ್ಟರಲ್ಲಿ ಮತ್ತೆ ಉರುಳಿಸುತ್ತಾಳೆ, ಮಣಿಕಟ್ಟು ತಿರುಗುತ್ತಿದೆ, ಮುದ್ದೆ ದುಂಡಗಾಗುತ್ತಿದೆ, ಕಣ್ಣೆತ್ತದೆ ಅನ್ನುತ್ತಾಳೆ, ಅಲ್ಲಾ, ಬೇಲದ ಅಂಟು ಅಂದ್ರಲ್ಲ, ನನ್ನ ಕೈ ಮುರಿದಿತ್ತು, ಮೂಗೂ ಮುರಿದಿತ್ತಾ, ಹರಕೆ ಹೊತ್ತಿದ್ದು ಬಾಯಿಗೆ, ಕೈಗಲ್ಲ, ಸುಳ್ಳು ಹೇಳೋವಾಗ ನಿಮ್ಮ ಮುಖ ನೋಡಿ ಪಾಪ ಅನ್ನಿಸ್ತು, ಸುಮ್ನಿದ್ದೆ, ಪೆದ್ದಪ್ಪ ಮೂಗಿನಲ್ಲೇ ನಗುತ್ತಿದ್ದಾನೆ, ನಗು ಕೇಳಿಸುತ್ತಿದೆ, ಕಾಣಿಸುತ್ತಿಲ್ಲ, ಕಣ್ಣು ತುಂಬಿಬಿಟ್ಟಿದೆ, ಸಾಲದ್ದಕ್ಕೆ ಹೊಗೆ ಬೇರೆ, ತುಪ್ಪ ಹಾಕ್ಕೊಳಿ ಅನ್ನುತ್ತಿದ್ದಾಳೆ, ತಟ್ಟೆ ಮುಂದಿದೆ, ತುಪ್ಪದ ಮಿಳ್ಳೆ ಕೈಯಲ್ಲಿದೆ, ಬಗ್ಗಿಸಲು ಮನಸ್ಸಿಲ್ಲ, ತುಂಬಿಬಿಟ್ಟರೆ ಕಾಣುವುದಿಲ್ಲವಲ್ಲ, ಮುದ್ದೆಯ ನೆತ್ತಿಯ ಮೇಲೆ, ಒಂಚೂರು ಎಡಕ್ಕೆ ವಾಲಿರುವ, ಆ ಗುಳಿ —