ಕೆಂಪಾಗದ ಒಂದು ಗಿಡ

"ಅಕ್ಕಾ, ಈ ಒಂದು ಗಿಡಕ್ಕೆ ಏನ್ ಕಾಯಿಲೆ ಬಂತು?"

ಅರುಳ್‌ಮೇರಿ ಸಾಲಿನ ಕೊನೆಯ ಕುಂಡವನ್ನು ಎತ್ತಿ ಹಿಡಿದಿದ್ದಳು. ಭದ್ರಮ್ಮ ಓಡಿಬಂದಳು. ಶೆಡ್ಡಿನಲ್ಲಿದ್ದ ಎರಡು ಸಾವಿರ ಕ್ರಿಸ್ಮಸ್ ಗಿಡಗಳ ನೆತ್ತಿಯ ಎಲೆಗಳೆಲ್ಲ ಕುಂಕುಮದ ಹಾಗೆ ಕೆಂಪಾಗಿದ್ದವು. ಮೇರಿಯ ಕೈಯಲ್ಲಿದ್ದದ್ದು ಮಾತ್ರ ಹುರುಳಿ ಗಿಡದಂತೆ ಹಚ್ಚಹಸಿರಾಗಿ, ತನಗೂ ಹಬ್ಬಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು.

ಬೇರಿಕೆ ರಸ್ತೆಯ ಆ ನರ್ಸರಿಯ ಉಸ್ತುವಾರಿ ಮೇರಿಯದು. ಶೆಡ್ಡಿನ ಹಿಂದಿನ ಕೋಣೆಯಲ್ಲೇ ವಾಸವಿದ್ದ ಭದ್ರಮ್ಮನ ಕೆಲಸ, ಸಂಜೆ ಐದಕ್ಕೆ ಗಿಡಗಳ ಮೇಲೆ ಕರಿಬಟ್ಟೆ ಎಳೆಯುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ಈ ಗಿಡಕ್ಕೆ ದಿನಾ ಅಷ್ಟು ಹೊತ್ತು ಕತ್ತಲೆ ಬೇಕು, ಇಲ್ಲದಿದ್ದರೆ ಕೆಂಪಾಗುವುದಿಲ್ಲ. ಎದುರಿನ ಫ್ಯಾಕ್ಟರಿಯ ದೀಪಗಳು ರಾತ್ರಿಯಿಡೀ ಉರಿಯುತ್ತಿದ್ದುದರಿಂದ ಬಟ್ಟೆಯಲ್ಲಿ ಸೂಜಿಯಷ್ಟು ತೂತು ಕಂಡರೂ ಭದ್ರಮ್ಮ ಹೊಲಿದುಬಿಡುತ್ತಿದ್ದಳು. ಅಂಥವಳ ಶೆಡ್ಡಿನಲ್ಲಿ ಹೀಗೊಂದು ಗಿಡ!

"ನಾಳೆ ಲಾರಿ ಬತ್ತದೆ. ಇದನ್ನ ಗೊಬ್ಬರದ ಗುಂಡಿಗೆ ಹಾಕ್ಬುಡಣ," ಎಂದಳು ಮೇರಿ.

"ಬ್ಯಾಡ ಕಣವ್ವಾ! ಅದನ್ನ ಬಿಸಾಕ್ಬ್ಯಾಡ!"

ಕೂಗಿದ ಜೋರಿಗೆ ಭದ್ರಮ್ಮನೇ ಬೆಚ್ಚಿದಳು. ಆಮೇಲೆ ಹೇಳದೆ ವಿಧಿಯಿರಲಿಲ್ಲ.

ಅವಳ ಮಗಳು ಶಾಂತಿಗೆ ಎರಡು ಸಲ ಬಸಿರು ನಿಂತಿತ್ತು. ಎರಡು ಸಲವೂ ಭದ್ರಮ್ಮ ಊರ ಮುನೇಶ್ವರನ ಮುಂದೆ ನಿಂತು ಹೂ ಕೇಳಿದ್ದಳು. ಎರಡು ಸಲವೂ ಹೂ ಬಲಗಡೆಯಿಂದಲೇ ಬಿದ್ದಿತ್ತು. ಎರಡು ಕೂಸುಗಳೂ ಎಂಟನೇ ತಿಂಗಳಲ್ಲೇ ಹೋದವು. ಈಗ ಮೂರನೆಯದು, ಮತ್ತೆ ಎಂಟನೇ ತಿಂಗಳು. ಗುಡಿಯ ಮೆಟ್ಟಿಲು ಹತ್ತಲು ಅವಳಿಗೆ ಸಿಟ್ಟು, ಸಿಟ್ಟಿಗಿಂತ ಹೆಚ್ಚಾಗಿ ಭಯ. ಆದರೆ ಯಾರನ್ನೂ ಕೇಳದೆ ಸುಮ್ಮನಿರುವುದು ಅವಳಿಂದಾಗುವ ಮಾತಲ್ಲ. ಅದಕ್ಕೇ ಸಾಲಿನ ಕೊನೆಯ ಗಿಡವನ್ನು ಆರಿಸಿಕೊಂಡು, "ನೀನು ಕೆಂಪಾದ್ರೆ ನನ್ ಮಗಳ ಕೂಸು ಉಳೀತದೆ" ಎಂದು ಮನಸ್ಸಿನಲ್ಲೇ ಕಟ್ಟು ಹಾಕಿದ್ದಳು. ಹೊರದೇಶದಿಂದ ಬಂದ ಗಿಡ, ತನ್ನ ಮೇಲೆ ಅದಕ್ಕೇನೂ ಹಗೆಯಿರಲಾರದು ಎಂದುಕೊಂಡಿದ್ದಳು.

"ದಿನಾ ಬಂದು ನೋಡ್ತಿದ್ದೆ ಮೇರಿ. ರಾತ್ರಿ ಉಂಡು ಕೈ ತೊಳ್ಕಂಡು ಬರೋದು, ಬಟ್ಟೆ ಸರ್ಸಿ ಮೊಬೈಲ್ ಲೈಟ್ ಬಿಟ್ಟು ನೋಡೋದು. ಕೆಂಪು ಬಂದೈತಾ ಅಂತ."

ಮೇರಿಗೆ ನಗು ಬಂತು. ಭದ್ರಮ್ಮನ ಮುಖ ನೋಡಿ ಅರ್ಧಕ್ಕೇ ನಿಂತಿತು.

"ಅಯ್ಯೋ ಪಾವಂ! ದಿನಾ ಲೈಟ್ ಬಿದ್ರೆ ಎಂಗಕ್ಕಾ ಕೆಂಪಾಗ್ತದೆ? ಎಲ್ಲಾ ಗಿಡಕ್ಕೂ ಕತ್ಲೆ ಕೊಟ್ಟು, ನಿನ್ ಗಿಡಕ್ಕೇ ಕೊಡ್ಲಿಲ್ವಾ?"

ಕೆಲಸಕ್ಕೆ ಹೊಸದಾಗಿ ಬಂದವರನ್ನು ಇದೇ ವಿಷಯಕ್ಕೆ ಗದರಿಸುತ್ತಿದ್ದವಳು ಭದ್ರಮ್ಮ. ತನ್ನ ಸರದಿ ಬಂದಾಗ ಮಾತ್ರ, "ಒಂದು ಗಳಿಗೆ ತಾನೇ, ಏನಾದೀತು" ಅಂದುಕೊಂಡಿದ್ದಳು. "ನಾನೇ ಹಾಳ್ಮಾಡ್ಬುಟ್ಟೆ," ಎಂದು ಅಲ್ಲೇ ಕೂತಳು.

ಬೆಳಿಗ್ಗೆ ಅಳಿಯ ಬೀರೇಶ್ ಶಾಂತಿಯನ್ನು ಸ್ಕ್ಯಾನಿಂಗ್‌ಗೆಂದು ಹೊಸೂರಿಗೆ ಕರೆದೊಯ್ದಿದ್ದ. ಸಂಜೆಯಾದರೂ ಸುದ್ದಿಯಿರಲಿಲ್ಲ. ಈಗ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು.

"ಅತ್ತೆ, ಹೊಟ್ಟೇಲಿ ನೀರು ಕಮ್ಮಿ ಆಗೈತಂತೆ, ಅಡ್ಮಿಟ್ ಮಾಡ್ಕಂಡವ್ರೆ. ಕೂಸಿನ ಎದೆಬಡಿತ ಐತೆ. ಒಳಗೆ ಒಬ್ರನ್ನೇ ಬಿಡೋದು, ನಮ್ಮಮ್ಮ ಅವ್ರೆ. ನೀವು ಬೆಳಿಗ್ಗೆ ಬನ್ನಿ."

"ಮುಂದೇನಂತಪ್ಪಾ?"

"ಕಾಯ್ಬೇಕಂತೆ ಅತ್ತೆ."

ಮೇರಿ ಅವಳ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತಳು. "ನಮ್ಗೂ ಈಗ ಕಾಯೋ ಕಾಲವೇ ಅಕ್ಕಾ. ಯೇಸು ಹುಟ್ಟೋಕೆ ಮುಂಚೆ ನಾಲ್ಕು ಭಾನ್ವಾರ, ವಾರಕ್ಕೊಂದು ಮೇಣದಬತ್ತಿ ಜಾಸ್ತಿ ಹಚ್ತೀವಿ. ಚಿಕ್ಕೋಳಿದ್ದಾಗ ನಾನು ನಾಲ್ಕನ್ನೂ ಒಂದೇ ದಿನ ಹಚ್ಬುಟ್ಟಿದ್ದೆ. ಅಪ್ಪ ಚೆನ್ನಾಗಿ ಬಾರ್ಸಿದ್ರು." ಕುಂಡವನ್ನು ಭದ್ರಮ್ಮನ ಮಡಿಲಿಗಿಟ್ಟಳು. "ಮೊನ್ನೆ ಭಾನ್ವಾರಕ್ಕೆ ಎರಡು ಬತ್ತಿ ಆಯ್ತು. ತಗಾ, ಗಿಡ ಸತ್ತಿಲ್ಲ. ಇವತ್ತಿಂದ ಕತ್ಲೆ ಕೊಡು. ತಡ ಆದ್ರೆ ಆಗ್ಲಿ."

ಐದಾಗಿತ್ತು. ಭದ್ರಮ್ಮ ಶೆಡ್ಡಿನ ಕರಿಬಟ್ಟೆ ಎಳೆದು ಮುಗಿಸಿದಳು. ಕುಂಡವನ್ನು ಕೋಣೆಗೆ ಒಯ್ದು, ಅದರ ಮೇಲೆ ಗಾರೆ ಹೊರುವ ಕರಿ ಬಕೆಟ್ಟನ್ನು ಬೋರಲು ಹಾಕಿದಳು. ಮೂರು ಸಲ ಕೈ ಬಕೆಟ್ಟಿನ ಅಂಚಿಗೆ ಹೋಗಿ ಬಂತು.

ಏಳು ಗಂಟೆಗೆ ಶಾಂತಿಯೇ ಫೋನು ಮಾಡಿದಳು. ದನಿ ಸಣ್ಣಗಾಗಿತ್ತು.

"ಅಮ್ಮಾ, ಕೂಸು ಎರಡು ಗಂಟೇಲಿ ಹತ್ತು ಸಾರಿ ಒದೀಬೇಕಂತೆ. ನರ್ಸಮ್ಮ ಎಣಿಸು ಅಂದವ್ರೆ. ಅತ್ತೆ ಉಣ್ಣಕ್ಕೆ ಹೋಗವ್ರೆ, ಒಬ್ಳೇ ಎಣ್ಸಕ್ಕೆ ಭಯ ಆಗ್ತೈತೆ."

"ಎಷ್ಟಾಯ್ತವ್ವಾ?"

"ಆರು. ಆಮೇಲೆ ಸುಮ್ನಾಗ್ಬುಟ್ಟೈತೆ."

"ಫೋನ್ ಇಡ್ಬ್ಯಾಡ. ನಾನಿವ್ನಿ. ನೀನೇನೂ ಮಾತಾಡ್ಬ್ಯಾಡ, ಒದ್ದಾಗ ಹೇಳು ಸಾಕು."

ಕೋಣೆಯ ಬಲ್ಬು ಆರಿಸಿದಳು. ಫೋನಿನ ಬೆಳಕು ಬೀಳದಿರಲೆಂದು ಅದನ್ನು ಚಾಪೆಯ ಮೇಲೆ ಮಗುಚಿಟ್ಟಳು. ಬಕೆಟ್ಟಿನ ತಳದ ಮೇಲೆ ಅಂಗೈಯಿಟ್ಟು ಕೂತಳು. ಫೋನಿನೊಳಗಿನಿಂದ ವಾರ್ಡಿನ ಸದ್ದು ಬರುತ್ತಿತ್ತು. ಯಾರೋ ಚಮಚ ಬೀಳಿಸಿದರು. ಯಾರದೋ ಕೂಸು ಅತ್ತು ಸುಮ್ಮನಾಯಿತು. ಹೊರಗೆ ಶಿಫ್ಟು ಮುಗಿಸಿದವರ ಬಸ್ಸು ಹೋಯಿತು. ಬಂತಾ ಎಂಬ ಮಾತು ಮತ್ತೆ ಮತ್ತೆ ಅವಳ ತುದಿನಾಲಿಗೆಗೆ ಬಂತು. ಕೇಳಲಿಲ್ಲ. ಮಗಳ ಉಸಿರು ಮಾತ್ರ ಕೇಳುತ್ತಿತ್ತು.

"ಏಳು," ಅಂದಳು ಶಾಂತಿ.

ಭದ್ರಮ್ಮ ಬಕೆಟ್ಟಿನ ಮೇಲಿಂದ ಕೈ ತೆಗೆಯಲಿಲ್ಲ.