ಸಾಕು ಅಂದಿದ್ದು

ಚಹಾ ಲೋಟದ ಅಂಚು ದಾಟಿ ಬಸಿಗೆ ಇಳಿದು, ಬಸಿಯಿಂದ ಮೇಜಿಗೆ ಹರಿಯುತ್ತಿದ್ದರೂ ಟೀಚರ್ ಮಗಳು ಬಾಯಿ ಬಿಡಲಿಲ್ಲ.

"ಅಯ್ಯೋ, ನನ್ನ ಕಣ್ಣಂತೂ ಹಾಳಾಗಿದೆ, ನಿನ್ನ ನಾಲಿಗೆಗೇನಾಗಿದೆಯೇ? ಸಾಕು ಅನ್ನೋಕೂ ಬರಲ್ವಾ?" ಎನ್ನುತ್ತ ದರ್ಜಿಯಕ್ಕ ಕೆಟಲು ಪಕ್ಕಕ್ಕಿಟ್ಟು, ಹೆಗಲ ಮೇಲಿದ್ದ ಚಿಂದಿಯಿಂದ ಮೇಜು ಒರೆಸಿದಳು.

ಬರುತ್ತಿರಲಿಲ್ಲ. ಅಮ್ಮ ಹೋದಾಗಿನಿಂದ ಆ ಪದ ಮಗಳ ಗಂಟಲು ದಾಟಿರಲಿಲ್ಲ. ಆದರೆ ಕಿವಿಗೆ ಬೀಳುವುದನ್ನು ತಡೆಯುವವರು ಯಾರು? ಹಾಲು ಹಾಕಿಸಿಕೊಳ್ಳುವವರು, ಪಕ್ಕದ ಮನೆಯ ಮಗು, ಬಸ್ಸಿನಲ್ಲಿ ಸರಿದು ಜಾಗ ಕೊಡುವವರು, ಎಲ್ಲರ ಬಾಯಲ್ಲೂ ಸಾಕು. ಒಮ್ಮೊಮ್ಮೆ ಖಾಲಿ ಅಡುಗೆಮನೆಯಲ್ಲಿ ಬಕೆಟ್ಟು ತುಂಬುತ್ತಿರುವಾಗ ಬೆನ್ನ ಹಿಂದಿನಿಂದಲೇ ಕೇಳಿಸುತ್ತಿತ್ತು. ನಲ್ಲಿ ನಿಲ್ಲಿಸಿ ತಿರುಗಿ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಅಮ್ಮ ಆಮ್ಲಜನಕದ ಮುಖವಾಡ ಸರಿಸಿ ಅಂದಿದ್ದು ಅದೊಂದೇ ಮಾತು. ಮಗಳು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದೇ ಕಸುಬು. ಡಾಕ್ಟರ ಹತ್ತಿರ ಹೋಗಿ, "ಅಮ್ಮ ಸಾಕು ಅಂದ್ರು," ಎಂದಳು. ಅವರು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದಳು. ಮುಖವಾಡ ತಿರುಗಿ ಏರಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿದಿತ್ತು.

ಇವತ್ತು ಅಮ್ಮನ ನೆನಪಿಗೆಂದು ಅವಳ ಚಿತ್ರದ ಗುಂಪಿನವರು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಅವರಿಗೆಲ್ಲ ಅವಳು ಟೀಚರ್. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತಳಾದ ಮೇಲೆ, ಬಿಡುವಿದ್ದವರನ್ನೂ ಇಲ್ಲದವರನ್ನೂ ಎಳೆತಂದು, ಪ್ರತಿ ಭಾನುವಾರ ಮೊದಲು ಕಣ್ಣು ಮುಚ್ಚಿಸಿ ಸುಮ್ಮನೆ ಕೂರಿಸುತ್ತಿದ್ದಳು. ಆಮೇಲೆ ಕೈಗೆ ಕುಂಚ. ಮಕ್ಕಳ ವಾರ್ಡಿನ ಗೋಡೆ, ಅನಾಥಾಲಯದ ಮಂಚ, ಕೊನೆಗೆ ಹೆಣ ಸಾಗಿಸುವ ಗಾಡಿಯ ಒಳಚಾವಣಿಯನ್ನೂ ಬಿಟ್ಟಿರಲಿಲ್ಲ. "ಮಲಗಿದೋರಿಗೆ ಕಾಣೋದು ಅದೇ ತಾನೆ," ಅಂದಿದ್ದಳಂತೆ.

ಮಗಳು ಒಂದು ಭಾನುವಾರವೂ ಬಂದವಳಲ್ಲ. "ಸುಮ್ನೆ ಕೂರೋಕೆ ನನಗೆ ಪುರುಸೊತ್ತಿಲ್ಲಮ್ಮ," ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದಳು.

"ನಾನು ಸ್ಟೀರಿಂಗ್ ಹಿಡೀದೆ ಕೂತೋನೇ ಅಲ್ಲ," ಎಂದ ಡ್ರೈವರ್ ಮಾವ. "ಮೊದಲನೇ ದಿನವೇ ಗೊರಕೆ ಹೊಡ್ದುಬಿಟ್ಟೆ. ಟೀಚರ್ ಬೈತಾರೆ ಅಂದ್ಕೊಂಡ್ರೆ, ಎಲ್ಲರಿಗಿಂತ ಆಳಕ್ಕೆ ಹೋಗಿದ್ದು ನೀವೇ ಅಂದ್ರು!"

ಎಲ್ಲರೂ ನಕ್ಕರು. ದರ್ಜಿಯಕ್ಕ ಕಣ್ಣೊರೆಸಿಕೊಂಡಳು. "ಇವರು ಎಷ್ಟೇ ಗೊರಕೆ ಹೊಡೀಲಿ, ಟೀಚರ್ ಸಾಕು ಅಂದ ತಕ್ಷಣ ಧಡಕ್ಕಂತ ಎದ್ದು ಬಣ್ಣ ಕಲಸೋಕೆ ನಿಲ್ತಿದ್ರು. ನಮಗೆಲ್ಲ ಅದೇ ಗಂಟೆ."

ಮಗಳು ಲೋಟ ಕೆಳಗಿಟ್ಟಳು. "ಸಾಕು ಅಂದ್ರೆ... ಮುಗೀತು ಅಂತಲ್ವಾ?"

"ಮುಗಿಯೋದೇನು ಬಂತು? ಕಣ್ಣು ಮುಚ್ಚಿದ್ದು ಸಾಕು, ಏಳಿ, ಕೆಲಸ ಕಾದಿದೆ ಅಂತ. ಶುರುವಾಗ್ತಿದ್ದೇ ಅಲ್ಲಿಂದ. ನಿನಗೆ ಗೊತ್ತಿಲ್ವೇನೆ?"

"ಹೇಗೆ ಅಂತಿದ್ರು? ಜೋರಾಗಾ?"

"ಮೆಲ್ಲಗೆ. ಕೊನೇಲಿ ಒಂಚೂರು ಎಳೆದು. ಸಾಕೂ..."

ಹಾಗೆಯೇ ಇತ್ತೆ? ಶೀಘ್ರಲಿಪಿಯಲ್ಲಿ ಮಾತಿಗೆ ಗುರುತುಂಟು, ದನಿಗಿಲ್ಲ. ಮಗಳು ಆಸ್ಪತ್ರೆಯ ಆ ಮಧ್ಯಾಹ್ನಕ್ಕೆ ಮರಳಿ ಕಿವಿಗೊಟ್ಟಳು. ಕೇಳಿಸಿದ್ದು ದರ್ಜಿಯಕ್ಕನ ದನಿ. ಇನ್ನೊಮ್ಮೆ ಪ್ರಯತ್ನಿಸಿದಳು. ಅದೇ ದನಿ. ಅಮ್ಮನದು ಅಳಿಸಿಹೋಗಿತ್ತು. ಆ ಮಾತಿನ ಬೆನ್ನಿಗೇ ಅಮ್ಮನ ಮೂರು ಬೆರಳು ಕುಂಚ ಹಿಡಿಯುವಂತೆ ಕೂಡಿಕೊಂಡು ಹೊದಿಕೆಯ ಮೇಲೆ ಏನನ್ನೋ ತಡಕಿದ್ದು ಮಾತ್ರ ನೆನಪಾಯಿತು. ನೋವಿರಬೇಕೆಂದು ಆ ಕೈಯನ್ನು ಅವಳೇ ಒತ್ತಿ ಹಿಡಿದಿದ್ದಳು.

"ಆಸ್ಪತ್ರೇಲೂ ಅಂದ್ರು," ಎಂದಳು.

"ಹೂಂ, ಹೇಳಿದ್ಯಲ್ಲ, ಸಾಕು ಅಂ..." ದರ್ಜಿಯಕ್ಕನ ಬಾಯಿ ಅಲ್ಲೇ ನಿಂತಿತು. ಆಮೇಲೆ ಬೇಗಬೇಗ, "ಅದು ಬೇರೆ ಕಣೆ. ಅದು ಬೇರೆ ಸಾಕು," ಎಂದು, ಒರೆಸಿದ ಮೇಜನ್ನೇ ಒರೆಸತೊಡಗಿದಳು.

ಯಾರೋ ಚಾಪೆ ಹಾಸಿದರು. ಇದ್ಯಾವುದನ್ನೂ ಕೇಳಿಸಿಕೊಂಡಿರದ ಡ್ರೈವರ್ ಮಾವ, "ಇವತ್ತು ನೀನೇ ಹೇಳ್ಬೇಕಮ್ಮ. ಟೀಚರ್ ಮಗಳಲ್ವಾ," ಎಂದು ಕಾಲು ಮಡಚಿ ಕೂತ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಮುಚ್ಚಿದವು. ಮಗಳದು ಮುಚ್ಚಲಿಲ್ಲ.

ಉಸಿರುಗಳು ಒಂದರ ಹಿಂದೊಂದು ನಿಧಾನವಾದವು. ಅವಳು ನೋಡುತ್ತಿದ್ದುದು ಎದೆಗಳನ್ನು: ಏರಿತು, ಇಳಿಯಿತು, ಮತ್ತೆ ಏರಿತು. ಡ್ರೈವರ್ ಮಾವನ ಪಾದ ಜೋಮು ಹಿಡಿದು ಅದುರುತ್ತಿತ್ತು; ಆದರೂ ಅಲುಗಲಿಲ್ಲ. ಎಲ್ಲ ಮುಖಗಳೂ ಅವಳ ಒಂದು ಮಾತಿಗೆ ಕಾದಿದ್ದವು. ಹೇಳದಿದ್ದರೆ ಇವರು ಏಳುವಂತಿಲ್ಲ. ತುಟಿ ಒದ್ದೆ ಮಾಡಿಕೊಂಡಳು. ಉಸಿರೆಳೆದುಕೊಂಡಳು. ನಾಲಿಗೆಯಲ್ಲಿ 'ಸಾ' ಮೂಡುವ ಹೊತ್ತಿಗೆ, ಪಕ್ಕದಲ್ಲಿದ್ದ ದರ್ಜಿಯಕ್ಕ ಕಣ್ಣು ಮುಚ್ಚಿಕೊಂಡೇ ತಡಕಾಡಿ ಅವಳ ಮೊಣಕಾಲು ಹಿಡಿದಳು.

"ಈಗ್ಲೇ ಬೇಡ ಕಣೆ," ಎಂದು ಪಿಸುಗುಟ್ಟಿದಳು. "ಇನ್ನೊಂಚೂರು ಇರ್ಲಿ."

ಮಗಳು ಬಾಯಿ ಮುಚ್ಚಿದಳು. ಕಿಟಕಿಯ ಕೆಳಗೆ, ಯಾರೋ ಆಗಲೇ ಕಲಸಿಟ್ಟಿದ್ದ ನೀಲಿ ಬಣ್ಣದ ಮೇಲೆ, ಬಟ್ಟಲಿನ ಅಂಚಿನಿಂದ ನಡುವಿಗೆ, ತೆಳ್ಳಗೆ ಕೆನೆ ಕಟ್ಟುತ್ತಿತ್ತು.