ಯೋಚನೆ ಮಾಡಿ ಹೇಳ್ತೀನಿ

ಆ ಅಂಗಡಿಯಲ್ಲಿ ಎಲ್ಲಿ ನೋಡಿದರೂ ಸೋಫಾ, ಕುರ್ಚಿ, ಮಂಚ. ಆದರೆ ಮಾರುವವರು ಮಾತ್ರ ಕೂರುವ ಹಾಗಿಲ್ಲ. ಸೋಫಾ ವಿಭಾಗದ ಹೆಂಗಸನ್ನು ಎಲ್ಲರೂ ಬೆಲ್ಲದಕ್ಕ ಎನ್ನುತ್ತಿದ್ದರು. ಮಾತು ಅಷ್ಟು ಸಿಹಿ. ಗಿರಾಕಿ "ಯೋಚನೆ ಮಾಡಿ ಹೇಳ್ತೀವಿ" ಎಂದರೆ ಅಂಗಡಿಯವರ ಭಾಷೆಯಲ್ಲಿ "ಬೇಡ" ಎಂದೇ ಅರ್ಥ. ಆ ಮಾತು ಬಾಯಿಗೆ ಬರುವ ಮೊದಲೇ "ಯೋಚನೆ ಯಾಕಕ್ಕಾ, ಒಂದ್ಸಲ ಕೂತು ನೋಡಿ" ಎಂದು ಅಡ್ಡ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಹೊಸಬರಿಗೆ ಆ ವಿದ್ಯೆ ಕಲಿಸಿದವಳೂ ಅವಳೇ.

ಸರ್ಕಾರ ಬದಲಾಯಿತು. ಗಲ್ಲಾದ ಹಿಂದಿನ ಗೋಡೆಯಲ್ಲಿ ಫೋಟೊದ ಚೌಕಟ್ಟು ಅದೇ ಉಳಿದು, ಒಳಗಿನ ಮುಖ ಬೇರೆಯಾಯಿತು. ನಿನ್ನೆಯವರೆಗೆ 'ಸುವರ್ಣ' ಎನಿಸಿಕೊಂಡಿದ್ದ ಸೋಫಾಕ್ಕೆ 'ಹೊಸ ಯುಗ' ಎಂಬ ಚೀಟಿ ಬಿತ್ತು. ಕೊಂಡವರಿಗೆ ಹೊಸ ನಾಯಕರ ಫೋಟೊ ಉಚಿತ. ಒಳಗಿನ ಸ್ಪಂಜು ಹಳೆಯದೇ. ಬೆಲ್ಲದಕ್ಕ ನಗುನಗುತ್ತಲೇ ಮಾರಿದಳು.

ಆಮೇಲೆ ಬೆಳಗಿನ ಪ್ರಮಾಣ ಬಂತು. ಬಾಗಿಲು ತೆರೆಯುವ ಮೊದಲು ಫೋಟೊದ ಮುಂದೆ ಸಾಲಾಗಿ ನಿಂತು, ಎದೆಯ ಮೇಲೆ ಕೈಯಿಟ್ಟು, ಒಬ್ಬೊಬ್ಬರೂ "ನಂಬಿದ್ದೇನೆ" ಎನ್ನಬೇಕು. ಅವಳೇನು ಎದುರಾಳಿಯಲ್ಲ; ಮತ ಹಾಕಿದ್ದೂ ಹೊಸ ನಾಯಕರಿಗೇ. ಆದರೆ ಮೊನ್ನೆ ಅವಳ ಬೀದಿಯ ಗಡಿಯಾರ ರಿಪೇರಿಯವನನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರು. ನಾಯಕರ ಬಗ್ಗೆ ಏನೋ ಅಂದನಂತೆ. ಬೀಗ ಬಿದ್ದ ಅಂಗಡಿಯೊಳಗೆ ಅವನ ಗಡಿಯಾರಗಳು ಇನ್ನೂ ಗಂಟೆ ಹೊಡೆಯುತ್ತಿದ್ದವು. ತನ್ನ ಸರದಿ ಬಂದಾಗ ಅದು ನೆನಪಾಗಿ ಅವಳು ಮ್ಯಾನೇಜರ್ ಕಡೆ ತಿರುಗಿದಳು.

"ಸಾರ್, ಯೋಚನೆ ಮಾಡಿ ಹೇಳ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ನಗಲಿಲ್ಲ.

"ಬೇಡ ಅಂತ ನೆಟ್ಟಗೆ ಹೇಳು. ಈ ಅಂಗಡೀಲಿ ನಿಂತು ಆ ಮಾತು ನಂಗೇ ಹೇಳ್ತೀಯಾ?"

"ನಿಜವಾಗ್ಲೂ ಯೋಚನೆ ಮಾಡ್ಬೇಕು ಸಾರ್."

"ಹಾಗಂತ ಹೋದವರು ಯಾರು ತಿರುಗಿ ಬಂದಿದ್ದಾರೆ? ಒಬ್ಬರನ್ನ ತೋರಿಸು."

"ಒಬ್ರು ಬಂದಿದ್ರು. ಕೋಲೂರಿಕೊಂಡು ಬಂದ ಅಜ್ಜಿ. 'ಬೇಡಮ್ಮ, ನೀನು ಕಾಯ್ತಿರ್ತೀಯಲ್ಲ, ಹೇಳಿ ಹೋಗೋಣಾಂತ ಬಂದೆ' ಅಂದ್ರು."

"ಕೊಂಡಳಾ?"

"ಇಲ್ಲ."

"ಮತ್ತೆ!" ಎಂದ ಅವನು, ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಮನೇಲಿ ತಾಯಿ ಆಕ್ಸಿಜನ್ ಮೇಲಿದ್ದಾರೆ. ದುಡಿಯೋಳು ನೀನೊಬ್ಬಳೇ. ಮೇಲಿನವರು ಕೇಳಿದ್ರೆ ರಜೆ ಅಂತೀನಿ. ಒಂದು ವಾರದೊಳಗೆ ಬಂದು ಆ ಮಾತು ಅಂದ್ಬಿಡಮ್ಮ, ಕೆಲಸ ನಿಂದೇ."

ಬೀರು ವಿಭಾಗದ ಗೆಳತಿ ನೆಲ ನೋಡುತ್ತ "ನಂಬಿದ್ದೇನೆ" ಎಂದಳು. ಆಮೇಲೆ ಬೆಲ್ಲದಕ್ಕನ ನೀರಿನ ಬಾಟಲಿ ತುಂಬಿಸಿ ತಂದು ಚೀಲದಲ್ಲಿಟ್ಟಳು. ಮುಖ ಮಾತ್ರ ಎತ್ತಲಿಲ್ಲ.

ಬೀದಿಯ ಉಳಿದ ಅಂಗಡಿಗಳಿಗೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಕೆಲಸ ಕೇಳಿದಲ್ಲೆಲ್ಲ "ಹೇಳಿ ಕಳಿಸ್ತೀವಿ" ಎಂದರು. ಅದರ ಅರ್ಥವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಒಂದು ಮಾತಲ್ವೇನೇ?" ತಾಯಿ ಏದುಸಿರಿನಲ್ಲಿ ಕೇಳಿದರು. "ಬರೀ ಮಾತಿಗೆ ಏನು ತೂಕ?"

"ತೂಕ ಇಲ್ದಿದ್ರೆ ಅವರು ಅದನ್ನೇ ಯಾಕಮ್ಮ ಕೇಳ್ತಾರೆ?"

ತಾಯಿ ಮಗಳ ಮುಖ ನೋಡಿದರು. ಕೈ ಚಾಚಿ ಸಿಲಿಂಡರಿನ ತಿರುಪನ್ನು ತುಸು ಕಮ್ಮಿ ಮಾಡಿಕೊಂಡರು. ಇನ್ನಷ್ಟು ದಿನ ಬರಲಿ ಎಂದು.

ವಾರದ ಕೊನೆಯ ದಿನ ಅವಳು ಅಂಗಡಿಗೆ ಹೋದಳು. ಮ್ಯಾನೇಜರ್ ಫೋನಿನಲ್ಲಿದ್ದ. ಕಾವಲುಗಾರ ಬಾಗಿಲು ತೆರೆದು ಪಿಸುಗುಟ್ಟಿದ:

"ಈಗ ನೀವು ಗಿರಾಕಿ ಅಕ್ಕಾ. ಧೈರ್ಯವಾಗಿ ಕೂತ್ಕೊಳ್ಳಿ."

ಅವಳು 'ಹೊಸ ಯುಗ'ದ ಮೇಲೆ ಕೂತಳು. ಇಷ್ಟು ವರ್ಷ "ಹೂವಿನ ಹಾಗಿದೆ" ಎಂದು ಹೊಗಳಿ ಮಾರಿದ್ದ ಸೋಫಾ. ಸ್ಪಂಜು ಕುಸಿದು ಅಡಿಯ ಮರ ತೊಡೆಗೆ ಒತ್ತಿತು.

ಫೋನ್ ಇಟ್ಟು ಬಂದ ಮ್ಯಾನೇಜರ್ ಮುಖ ಅರಳಿತು. "ಬಂದ್ಯಾ! ನಂಗೊತ್ತಿತ್ತು."

ಅವಳು ಎದ್ದು ನಿಂತಳು. "ಯೋಚನೆ ಮಾಡಿದೆ ಸಾರ್. ನಂಬಿಕೆ ಇಲ್ಲ. ನೀವು ಕಾಯ್ತಿರ್ತೀರಲ್ಲ, ಹೇಳಿ ಹೋಗೋಣಾಂತ ಬಂದೆ."

ಅವನು ಗೋಡೆಯ ಮುಖದ ಕಡೆ ಒಮ್ಮೆ ನೋಡಿ ತಿರುಗಿಕೊಂಡ.

ಅವಳು ಬಾಗಿಲು ತಲುಪುವಷ್ಟರಲ್ಲಿ ಗಂಡಹೆಂಡತಿ ಇಬ್ಬರು ಆ ಸೋಫಾದ ಮುಂದೆ ಅನುಮಾನಿಸುತ್ತ ನಿಂತಿದ್ದರು. ಈಗ ಆ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ ಗೆಳತಿ ಊದಿದ ಕಾಲಿನಲ್ಲಿ ಅತ್ತ ಓಡಿದಳು. ಬೆಲ್ಲದಕ್ಕನ ಬೆನ್ನಿಗೆ ಬೆಲ್ಲದಕ್ಕನದೇ ದನಿ ಕೇಳಿಸಿತು:

"ಯೋಚನೆ ಯಾಕಕ್ಕಾ, ಒಂದ್ಸಲ ಕೂತು ನೋಡಿ."